ಮುಂಗೈಯ ಸಿಂಹ

ತೊಂದರೆ ಶುರುವಾದದ್ದು ಸಿಂಹದ ನೆತ್ತಿ ಯಾವ ಕಡೆಗಿರಬೇಕು ಎಂಬ ಸಣ್ಣ ಪ್ರಶ್ನೆಯಿಂದ.

"ನೆತ್ತಿ ಮೊಣಕೈ ಕಡೆಗಿರಲಿ ಸರ್," ಎಂದಳು ಹಚ್ಚೆ ಹಾಕುವವಳು. "ಕೈ ಇಳಿಬಿಟ್ಟಾಗ ನೋಡೋರಿಗೆ ನೆಟ್ಟಗೆ ಕಾಣತ್ತೆ. ಹೊಸಬರೆಲ್ಲ ತಮಗೆ ಕಾಣೋ ಹಾಗೆ ಹಾಕಿಸ್ಕೊಂಡು ಆಮೇಲೆ ಒದ್ದಾಡ್ತಾರೆ."

"ನೋಡೋರಿಗೆ ಯಾಕೆ ಕಾಣಬೇಕು? ಧೈರ್ಯ ಬೇಕಾಗಿರೋದು ನನಗೆ. ನೆತ್ತಿ ಅಂಗೈ ಕಡೆಗೇ ಇರಲಿ. ನಾನು ಕೈ ನೋಡ್ಕೊಂಡ್ರೆ ಅದು ನನ್ನನ್ನ ನೋಡಬೇಕು."

ಇಷ್ಟು ಉದ್ದದ ಮಾತನ್ನು ಅವನು ನಾಲ್ಕು ವರ್ಷಗಳಲ್ಲಿ ಆಡಿರಲಿಲ್ಲ. ಅವನು ಎದುರಿನ ಸಲೂನಿನಲ್ಲಿ ಮೂರನೆಯ ಕುರ್ಚಿಯ ಕ್ಷೌರಿಕ. ಸಲೂನು ಮಾವನದು, ಮನೆಯೂ ಮಾವನದು. ಅವನೂ ಹೆಂಡತಿಯೂ ಇದ್ದದ್ದು ಮಾವನ ಕೋಣೆಯ ಮೇಲಿನ ಕೋಣೆಯಲ್ಲಿ. ಮಂಚ ಕಿರ್ ಎಂದರೆ ಕೆಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಮಾವ ಏನು ಹೇಳಿದರೂ "ಹೂಂ" ಎನ್ನುತ್ತಿದ್ದುದರಿಂದ ಎಲ್ಲರೂ ಅವನನ್ನು ಹೂಂರಾಯ ಎಂದು ಕರೆಯುತ್ತಿದ್ದರು. ಹಾಗೆ ಕರೆದಾಗಲೂ ಅವನು "ಹೂಂ" ಎನ್ನುತ್ತಿದ್ದ.

ಈಗ ಮಾವ ಸ್ಟೇಷನ್ ಹತ್ತಿರ ಎರಡನೆಯ ಸಲೂನು ತೆರೆಯುತ್ತಿದ್ದರು. ಅದರ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ, ಬೇರೆಯದೇ ಬಾಗಿಲು. ಕೀಲಿ ಯಾರ ಕೈಗೆ ಎಂಬುದು ಇವತ್ತು ಸಂಜೆ ಗೊತ್ತಾಗಬೇಕಿತ್ತು.

"ಬಾಯಿಬಿಟ್ಟು ಕೇಳಿ," ಎಂದಿದ್ದಳು ಹೆಂಡತಿ. "ಕೀಲಿ ಇಲ್ಲದೆ ಮೆಟ್ಟಿಲು ಹತ್ತಬೇಡಿ."

ಅದಕ್ಕೇ ಬೆಳಿಗ್ಗೆ ಏಳಕ್ಕೇ ಈ ಸಿಂಹ. ಕೆಲಸ ಮುಗಿಸಿ ಹಚ್ಚೆಯವಳು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸುತ್ತ ಹೇಳಿದಳು: "ಎರಡು ವಾರ ಕೆರೀಬೇಡಿ. ಬಟ್ಟೆ ಉಜ್ಜಬಾರದು. ಸೋಪಿನ ನೊರೆ, ಪೌಡರ್ ದೂರ ಇಡಿ. ಮುಖ್ಯವಾಗಿ ಕೂದಲು ಅಂಟಬಾರದು. ಅಂದಹಾಗೆ ನೀವು ಏನು ಕೆಲಸ ಮಾಡ್ತೀರಿ?"

"ಕ್ಷೌರ."

ಅವಳು ಇನ್ನೊಂದು ಸುತ್ತು ಪ್ಲಾಸ್ಟಿಕ್ ಸುತ್ತಿದಳು.

ಮೊದಲ ಗಿರಾಕಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೂಂರಾಯ ಮೊಣಕೈ ಎತ್ತಿ, ಕತ್ತರಿ ಕೆಳಮುಖ ಮಾಡಿ, ಅವರ ನೆತ್ತಿಗೆ ಕೈ ಹಚ್ಚಿದ. ಮೇಷ್ಟ್ರು ಕನ್ನಡಿಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರು.

"ಏನಯ್ಯಾ ಇದು, ಮಾವನ ಮುಖ ಕೈಮೇಲೆ ಹೊತ್ಕೊಂಡು ಬಂದಿದ್ದೀಯಾ!"

ಹೂಂರಾಯನೂ ಕನ್ನಡಿ ನೋಡಿದ. ತಲೆಕೆಳಗಾದ ಸಿಂಹದ ಕೇಸರ ಪೊದೆಗಡ್ಡವಾಗಿತ್ತು. ನುಣ್ಣನೆಯ ಗಲ್ಲ ಬೋಳುತಲೆಯಾಗಿತ್ತು. ಹಣೆಯ ಗೆರೆಗಳು ಸದಾ ಏನನ್ನೋ ನಿರಾಕರಿಸುವ ಬಾಯಿಯಾಗಿದ್ದವು. ಮಾವನೇ. ಕೆಮ್ಮೊಂದು ಬಾಕಿ.

"ಬಿಡಪ್ಪ, ಬೆಣ್ಣೆ ಹಚ್ಚೋದಕ್ಕೂ ಒಂದು ಮಿತಿ ಇರತ್ತೆ," ಎಂದ ಎರಡನೆಯ ಕುರ್ಚಿಯ ಕ್ಷೌರಿಕ; ಅವನ ಅಡ್ಡಹೆಸರು ಬಾಚಣಿಗೆ. ಬಾಚಣಿಗೆಯಷ್ಟೇ ತೆಳ್ಳಗಿದ್ದ, ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದ ಅವನಿಗೂ ಕೀಲಿಯ ಮೇಲೆ ಕಣ್ಣಿತ್ತು. "ಆದ್ರೆ ಯಜಮಾನರು ಇದನ್ನ ಗೇಲಿ ಅಂದ್ಕೊಂಡ್ರೆ ನಿನ್ನ ಕಥೆ ಮುಗೀತು. ಅವರ ಗಡ್ಡದ ಮೇಲೆ ಜೋಕ್ ಮಾಡಿದ ಹುಡುಗ ಈಗೆಲ್ಲಿದಾನೋ ಯಾರಿಗೂ ಗೊತ್ತಿಲ್ಲ."

ಮಾವ ಹೊಸ ಅಂಗಡಿಗೆ ಕನ್ನಡಿ ಕೂರಿಸಲು ಹೋಗಿದ್ದರು; ನಾಲ್ಕಕ್ಕೆ ಬರುವವರಿದ್ದರು. ಅಷ್ಟರಲ್ಲಿ ಹೂಂರಾಯ ಒಂದು ಉಪಾಯ ಕಂಡುಕೊಂಡ: ಬೆರಳು ಮೇಲಕ್ಕಿದ್ದರೆ ಸಿಂಹ, ಕೆಳಕ್ಕಿದ್ದರೆ ಮಾವ. ಹಾಗಾಗಿ ಅವನು ಮಂಡಿಯೂರಿ, ಕೈ ಮೇಲೆತ್ತಿ, ಗಿರಾಕಿಗಳ ತಲೆಯನ್ನು ಕೆಳಗಿನಿಂದ ಕತ್ತರಿಸತೊಡಗಿದ. ದೂರದಿಂದ ನೋಡಿದವರಿಗೆ ಅವನು ಮಾವಿನಕಾಯಿ ಕೀಳುತ್ತಿರುವಂತೆ ಕಾಣುತ್ತಿತ್ತು. ಒಬ್ಬ ಗಿರಾಕಿಯ ಎಡ ಕೆನ್ನೆಗೂದಲು ಬಲ ಕೆನ್ನೆಗೂದಲಿಗೆ ವಿದಾಯ ಹೇಳಿ ಎರಡು ಇಂಚು ಮೇಲೆ ಹೋಯಿತು. ಕೈಗೆ ಟವೆಲ್ ಸುತ್ತಿಕೊಂಡ. ಮುಂದಿನ ಗಿರಾಕಿ ಅದರಲ್ಲೇ ಮುಖ ಒರೆಸಿಕೊಂಡು ಎದ್ದು ಹೋದ.

ಊಟದ ಹೊತ್ತಿಗೆ ರಸ್ತೆ ದಾಟಿ ಓಡಿದ. "ಇದನ್ನ ಸರಿಮಾಡಿ!"

ಹಚ್ಚೆಯವಳು ಅವನ ಕೈಯನ್ನು ತಿರುಗಿಸಿ ನೋಡಿ ತುಟಿ ಕಚ್ಚಿಕೊಂಡಳು. "ಇವರು ದಿನಾ ನನ್ನ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸ್ತಾರಲ್ಲ? ನಾನು ಬೇಕು ಅಂತ ಮಾಡಿಲ್ಲ, ಆಣೆಗೂ."

"ಅಳಿಸಿ."

"ತಿದ್ದೋದು ಅಂದ್ರೆ ಅಳಿಸೋದಲ್ಲ ಸರ್, ಮುಚ್ಚೋದು. ಹೊಸ ಚಿತ್ರ ಹಳೇದರ ಮೂರು ಪಟ್ಟು ಇರಬೇಕು, ಇನ್ನೂ ಕಪ್ಪಗಿರಬೇಕು. ಅದೂ ಗಾಯ ಮಾಗಿದ ಮೇಲೆ, ಒಂದೂವರೆ ತಿಂಗಳು ಬಿಟ್ಟು."

"ನನಗಿರೋದು ಎರಡು ಗಂಟೆ. ಏನು ಹಾಕಬಹುದು?"

"ಕರಡಿ. ಇಲ್ಲಾಂದ್ರೆ ಬಿಚ್ಚಿದ ಕೊಡೆ."

"ಕೊಡೆ ತಲೆಕೆಳಗಾದ್ರೆ?"

"ನೋಡಿ, ಹೆದರಿಕೆಯಲ್ಲಿ ತಿದ್ದಿಸ್ಕೊಂಡಿದ್ದು ಯಾವತ್ತೂ ಮೊದಲಿಗಿಂತ ಕೆಟ್ಟದಾಗಿರತ್ತೆ. ಯಾರ ಮಾತೂ ಕೇಳಬೇಡಿ, ಏನೂ ಮಾಡಬೇಡಿ. ಕೆರೀಬೇಡಿ."

ಅವನು ವಾಪಸು ಬಂದು ಎಲ್ಲರ ಮಾತೂ ಕೇಳಿದ. ಟೂತ್‌ಪೇಸ್ಟ್ ಹಚ್ಚು ಎಂದ ಒಬ್ಬ. ಕೈ ಮುರಿದಿದೆ ಅಂತ ಹೇಳು ಎಂದ ಇನ್ನೊಬ್ಬ. ಮುರಿದುಕೊಡಲು ಬಾಚಣಿಗೆ ತಯಾರಿದ್ದ. ಪೇಪರ್ ಓದಲು ಅಲ್ಲೇ ಉಳಿದಿದ್ದ ಡ್ರಾಯಿಂಗ್ ಮೇಷ್ಟ್ರು ಜೇಬಿನಿಂದ ಕಪ್ಪು ಮಾರ್ಕರ್ ತೆಗೆದರು. "ಗುರುತು ಮರೆಸೋಕೆ ಸುಲಭದ ದಾರಿ ಕನ್ನಡಕ. ನಿಮ್ಮ ಮಾವ ಕನ್ನಡಕ ಹಾಕಲ್ಲ ತಾನೆ?" ಪ್ಲಾಸ್ಟಿಕ್ ಹಾಳೆಯ ಮೇಲೆ, ಮಾವನ ಎರಡು ಕಣ್ಣಿನ ಸುತ್ತ, ದಪ್ಪ ಚೌಕಟ್ಟಿನ ದುಂಡು ಕನ್ನಡಕ ಬರೆದರು. ಎಲ್ಲರೂ ದೂರ ನಿಂತು ನೋಡಿದರು. ಬೇರೆಯೇ ಮನುಷ್ಯ! ಹೂಂರಾಯ ಆ ದಿನ ಮೊದಲ ಸಲ ಪೂರ್ತಿ ಉಸಿರೆಳೆದುಕೊಂಡ.

ನಾಲ್ಕಕ್ಕೆ ಮಾವ ಬಂದರು. ದಪ್ಪ ಚೌಕಟ್ಟಿನ ದುಂಡು ಕನ್ನಡಕ ಹಾಕಿಕೊಂಡಿದ್ದರು.

"ಕನ್ನಡಿ ಸೊಟ್ಟ ಕೂತಿದ್ದು ಕಾಣ್ಲಿಲ್ಲ. ಪಕ್ಕದ ಅಂಗಡೀಲೇ ಮಾಡಿಸ್ಕೊಂಡೆ. ಹೇಗಿದೆ?"

ಮಾರ್ಕರ್ ಮೇಷ್ಟ್ರ ಜೇಬಿಗೆ ತಾನಾಗಿಯೇ ವಾಪಸಾಯಿತು.

ಮಾವ ಮೂರನೆಯ ಕುರ್ಚಿಯಲ್ಲಿ ಒರಗಿ ಕನ್ನಡಕ ತೆಗೆದಿಟ್ಟರು. "ಕುತ್ತಿಗೆ ಶೇವ್ ಮಾಡು. ಗಡ್ಡ ಸ್ವಲ್ಪ ಟ್ರಿಮ್."

ಹೂಂರಾಯ ಬಿಸಿ ಟವೆಲ್ ಹಿಂಡಿ ಅವರ ಕಣ್ಣಿನ ಮೇಲೆ ಹಾಸಿದ. ಕುತ್ತಿಗೆಗೆ ನೊರೆ ಹಚ್ಚಿದ. ಮಾವ ಈಗ ಬರೀ ಒಂದು ಗಡ್ಡ. ಅವನು ತನ್ನ ಕೈ ನೋಡಿಕೊಂಡ. ಸಿಂಹ ಅವನನ್ನು ನೋಡಿತು.

"ಮಾವ," ಎಂದ. ಇಡೀ ಸಲೂನಿನ ಕತ್ತರಿಗಳು ನಿಂತವು. "ಸ್ಟೇಷನ್ ಸಲೂನಿನ ಕೀಲಿ ನನಗೆ ಕೊಡಿ. ನಾಲ್ಕು ವರ್ಷ ನೀವು ಹೇಳಿದ್ದಕ್ಕೆಲ್ಲ ತಲೆ ಆಡಿಸಿದೀನಿ. ನನಗೆ ನನ್ನದೇ ಬಾಗಿಲು ಬೇಕು. ನನ್ನ ಮಂಚ ಕಿರ್ ಅಂದ್ರೆ ಯಾರೂ ಕೆಮ್ಮಬಾರದು."

ಟವೆಲಿನಿಂದ ಹಬೆ ಏಳುತ್ತಿತ್ತು. ಟವೆಲ್ ಕೆಳಗಿನಿಂದ ಮಾತು ಬಂತು: "ಇಷ್ಟು ದಿನ ಈ ನಾಲಿಗೆ ಎಲ್ಲಿಟ್ಟಿದ್ದೆ? ಅಂಗಡಿ ನಡೆಸೋನು ಬಾಯಿಬಿಟ್ಟು ಕೇಳಬೇಕು ಅಂತ ನಾನೂ ಕಾಯ್ತಾ ಇದ್ದೆ. ತಗೋ!"

ಸಲೂನು ಚಪ್ಪಾಳೆ ಹೊಡೆಯಿತು. ಮೇಷ್ಟ್ರು ಸಿಳ್ಳೆ ಹಾಕಿದರು. ಹೂಂರಾಯನಿಗೆ ತಾನು ಮೂರು ಇಂಚು ಬೆಳೆದಂತೆ ಅನ್ನಿಸಿತು. ಮಾವ ಎದ್ದು ಕೂತು, ಕನ್ನಡಕ ಹಾಕಿಕೊಂಡು, ಜೇಬಿನಿಂದ ಕೀಲಿಗೊಂಚಲು ತೆಗೆದು ಮುಂದೆ ಹಿಡಿದರು. ಹೂಂರಾಯ ಗೆದ್ದವನಂತೆ ಕೈ ನೀಡಿದ. ಅಂಗೈ ಮೇಲಾಗಿ, ನೇರವಾಗಿ, ಮಾವನ ಕಡೆಗೆ.

ಕೀಲಿ ಗಾಳಿಯಲ್ಲೇ ನಿಂತಿತು. ಮಾವ ಬಗ್ಗಿದರು. ಬೋಳುತಲೆ, ಗಡ್ಡ, ಕನ್ನಡಕ.

"ಇದು..." ಮಾವ ಕನ್ನಡಕ ಸರಿಪಡಿಸಿಕೊಂಡರು. "ಇದು ನಾನು. ಕನ್ನಡಕ ತಗೊಂಡು ಇನ್ನೂ ಎರಡು ಗಂಟೆ ಆಗಿಲ್ಲ, ಅದನ್ನೂ ಹಾಕಿಸಿದ್ದೀಯಲ್ಲೋ!"

"ಮಾವ, ಅದು ಸಿಂ..."

"ಮಾತಾಡಬೇಡ. ಬಾಯಲ್ಲಿ ಹೇಳಿದ್ದು ನನ್ನ ಮಗಳು ಹೇಳಿಕೊಟ್ಟ ಪಾಠ. ನಿನ್ನ ಮನಸ್ಸಲ್ಲಿರೋದು ಇಲ್ಲಿದೆ." ಅವರು ಅಳಿಯನನ್ನು ನೊರೆಯ ಸಮೇತ ಅಪ್ಪಿಕೊಂಡರು. "ಇಂಥವನನ್ನ ಸ್ಟೇಷನ್ ಹತ್ರ ಕಳಿಸೋಕೆ ನಾನೇನು ಕಲ್ಲೇ? ನಾಳೆಯಿಂದ ನಿನ್ನ ಕುರ್ಚಿ ನನ್ನ ಪಕ್ಕ. ಮನೇಲಿ ನಿಮ್ಮ ಮಂಚ ಕೆಳಗೆ, ನನ್ನ ಕೋಣೆ ಪಕ್ಕದಲ್ಲೇ. ಜೀವ ಇರೋವರೆಗೂ ನನ್ನ ಜೊತೆ ಇರ್ತೀಯ ತಾನೆ?"

ನಾಲ್ಕು ವರ್ಷದ ಅಭ್ಯಾಸ ಸಿಂಹಕ್ಕಿಂತ ಬೇಗ ಬಾಯಿಗೆ ಬಂತು.

"ಹೂಂ."

ಕೀಲಿಗೊಂಚಲು ಬಾಚಣಿಗೆಯ ಕೈಗೆ ಹೋಯಿತು. ಚಪ್ಪಾಳೆ ಮೊದಲಿಗಿಂತ ಜೋರಾಗಿತ್ತು. ಮಾವ ಅಳಿಯನ ಕೈಯನ್ನು ಪದಕದಂತೆ ಎತ್ತಿ ಹಿಡಿದು ಗಿರಾಕಿಗಳಿಗೆಲ್ಲ ತೋರಿಸಿದರು. ರಸ್ತೆಯಾಚೆ ಹಚ್ಚೆಯವಳು ತನ್ನ ಬಾಗಿಲಲ್ಲಿ ನಿಂತು, ಕೆರೀಬೇಡಿ ಎಂದು ಸನ್ನೆ ಮಾಡಿದಳು.

ಆರಕ್ಕೆ ಹೆಂಡತಿ ಬಂದಳು. ಚಪ್ಪಾಳೆಯ ಸುದ್ದಿ ಮನೆಗೂ ಮುಟ್ಟಿತ್ತು. ಅವಳ ಕೈಯಲ್ಲಿ ಆಗಲೇ ಬಟ್ಟೆ ತುಂಬಿದ ಸೂಟ್‌ಕೇಸ್ ಇತ್ತು. ಗಂಡನ ಪಕ್ಕ ನಿಂತು, ಅವನ ಭುಜದ ಮೇಲಿಂದ ಅವನ ಮುಂಗೈಯನ್ನು ನೋಡಿದಳು. ಅವಳ ಮುಖ ಅರಳಿತು.

"ಅಬ್ಬಾ, ಸಿಂಹ! ಕನ್ನಡಕ ಯಾಕೆ ಹಾಕಿದೆ ಅದು? ಇರಲಿ ಬಿಡಿ, ಚೆನ್ನಾಗಿದೆ. ರೀ, ಕೀಲಿ ಎಲ್ಲಿ?"

"ಹೂಂ," ಎಂದ ಹೂಂರಾಯ.