ಅತ್ತೆಯ ದನಿ ಮತ್ತು ಎರಡು ತಲೆಯ ವೈರು

ಮನೆಯಲ್ಲಿ ಯಂತ್ರವೊಂದು ಕೆಟ್ಟರೆ ಉಳಿದವರಿಗೆ ಚಿಂತೆಯಾಗುತ್ತದೆ, ನನಗೆ ಒಳಗೊಳಗೇ ಹಿಗ್ಗಾಗುತ್ತದೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಿಗೆ ಸ್ಕ್ರೂಡ್ರೈವರಿನ ಮೇಲೆ ಯಾಕಿಷ್ಟು ಪ್ರೀತಿ ಎಂದು ಕೇಳಬೇಡಿ. ಸಮಾಸ ಬಿಡಿಸಿ ಬಿಡಿಸಿ ಹತ್ತಿದ ಚಟವಿರಬೇಕು.

ಆದರೆ ಆ ದಿನ ಮಾತ್ರ ನನಗೂ ಚಿಂತೆಯಾಗಿತ್ತು. ಸುರೇಬಾನದಲ್ಲಿ ಹುಟ್ಟಿದ ನಮ್ಮ ಅತ್ತೆ ಬೀಸುವ ಪದ ಹಾಡಲು ಕುಳಿತರೆ ಕೇಳುವವರು ಏಳುತ್ತಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಪಿಸುಮಾತು ಮಾತ್ರ ಉಳಿದಿದೆ. ಹಿಂದೊಮ್ಮೆ ಕಾಲೇಜಿನವರು ಅವರ ಪದಗಳನ್ನು ರೆಕಾರ್ಡ್ ಮಾಡಿಕೊಂಡು ಒಂದು ಸಿಡಿ ಕೊಟ್ಟು ಹೋಗಿದ್ದರು. ಊರಿಂದ ಬಂದಿದ್ದ ಅತ್ತೆಯ ತಂಗಿ, ಮಧ್ಯಾಹ್ನ ರಾಮದುರ್ಗದ ಬಸ್ಸು ಹತ್ತುವ ಮೊದಲು ಅಕ್ಕನ ದನಿಯನ್ನು ಒಮ್ಮೆ ಕೇಳಬೇಕೆಂದರು. ಅತ್ತೆ ಸೆರಗಿನ ಅಂಚು ಸವರುತ್ತ ಕುಳಿತರು.

ನಮ್ಮ ಹಳೆಯ ಕಂಪ್ಯೂಟರಿನ ಸ್ವಂತ ಡ್ರೈವ್ ಎಂದೋ ಕೈಕೊಟ್ಟಿತ್ತು. ಅದಕ್ಕೇ ಹೊರಗಿನಿಂದ ಸಿಕ್ಕಿಸುವ ಸಿಡಿ ಡ್ರೈವ್ ಒಂದನ್ನು ತಂದಿಟ್ಟಿದ್ದೆವು. ಸಿಡಿ ಹಾಕಿದರೆ ಅದು ಎರಡು ಸುತ್ತು ತಿರುಗಿ, ಕಟ್ ಕಟ್ ಎಂದು ನಿಂತುಬಿಟ್ಟಿತು. ಸಿಡಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಹಾಕಿದೆ, ಅದೇ ಕಥೆ. ಬೇರೆ ಸಿಡಿ ಹಾಕಿದೆ, ಅದಕ್ಕೂ ಅದೇ ಗತಿ. ಅಂದರೆ ಅತ್ತೆಯ ಸಿಡಿಯದು ತಪ್ಪಲ್ಲ ಎಂದು ಸಮಾಧಾನವಾಯಿತು. ನಮ್ಮವರು ಬೆಳಗಾವಿಗೆ ಹೋದಾಗ ಹೊಸದು ತಂದರಾಯಿತೆಂದು ಪೇಪರಿನೊಳಗೆ ಮುಖ ಹುದುಗಿಸಿದರು.

ನಾನು ಬಿಡಲಿಲ್ಲ. ಸಿಡಿ ತಿರುಗಲು ಶುರುವಾದ ಕೂಡಲೇ ಡ್ರೈವಿನ ದೀಪ ಮಂಕಾಗುತ್ತಿತ್ತು. ವೋಲ್ಟೇಜ್ ಇಲ್ಲದಾಗ ನಮ್ಮ ಬೋರಿನ ಮೋಟಾರು ಗುಂಯ್ ಎಂದು ನಿಲ್ಲುವುದೂ ಹೀಗೆಯೇ. ಇದಕ್ಕೆ ಬಂದಿರುವುದು ರೋಗವಲ್ಲ, ಹಸಿವು! ವೈರು ಹಿಡಿದು ನೋಡಿದರೆ ಅದಕ್ಕೆ ಎರಡು ತಲೆ. ಒಂದನ್ನು ಕಂಪ್ಯೂಟರಿನ ಮುಂಭಾಗಕ್ಕೆ ಸಿಕ್ಕಿಸಿದ್ದೆವು. ಇನ್ನೊಂದು ಕೆಲಸಕ್ಕೆ ಬಾರದ್ದೆಂದು ನಮ್ಮವರು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದರು. ರಬ್ಬರ್ ಬಿಚ್ಚಿ, ಮೇಜಿನ ಕೆಳಗೆ ತೂರಿ, ಎರಡೂ ತಲೆಗಳನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದೆ. ಎರಡೂ ಕಡೆಯಿಂದ ಹೊಟ್ಟೆ ತುಂಬ ಕರೆಂಟು ಸಿಕ್ಕಿದ್ದೇ ಸಿಡಿ ಸರಾಗವಾಗಿ ತಿರುಗಿತು.

ನಾನಿನ್ನೂ ಮೇಜಿನ ಕೆಳಗೇ ಇದ್ದೆ. ತಲೆಯ ಮೇಲೆ ಅತ್ತೆಯ ತುಂಬು ದನಿ ಎದ್ದಿತು. ಹೊರಬಂದು ನೋಡಿದರೆ ತಂಗಿ ಅಕ್ಕನ ಕೈ ಹಿಡಿದುಕೊಂಡಿದ್ದರು, ನಮ್ಮವರ ಪೇಪರು ನೆಲದ ಮೇಲಿತ್ತು. ಪದ ಮುಗಿದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ಯವ್ವಾ, ನಾ ಇಷ್ಟ ಚಂದ ಹಾಡ್ತಿದ್ನೇನ?"

"ಹೂಂರಿ ಅತ್ತಿ, ಇನ್ನೊಂದ್ಸಲ ಕೇಳ್ರಿ," ಎಂದೆ. ತಂಗಿ ಆ ಬಸ್ಸು ಬಿಟ್ಟು ಸಂಜೆಯ ಬಸ್ಸಿಗೆ ಹೋದರು.

ಹೋಗುವ ಮುನ್ನ ನನ್ನ ಕೀರ್ತಿಯನ್ನು ಓಣಿಯ ತುಂಬ ಹಬ್ಬಿಸಿದರು. ನಾನೂ ಬೇಡವೆನ್ನಲಿಲ್ಲ. ಮರುದಿನವೇ ಎದುರುಮನೆಯ ವೈನಿ ಕೆಟ್ಟ ಮಿಕ್ಸರ್ ಹಿಡಿದು ಬಂದರು. ಇಟ್ಟು ಹೋಗ್ರಿ, ಅದೇನು ದೊಡ್ಡ ಕೆಲಸ ಎಂದೆ. ಬಿಚ್ಚುವುದು ನಿಜಕ್ಕೂ ದೊಡ್ಡ ಕೆಲಸವಾಗಿರಲಿಲ್ಲ. ಜೋಡಿಸಿದಾಗ ಮೂರು ಸ್ಕ್ರೂ, ಒಂದು ಸ್ಪ್ರಿಂಗ್ ಉಳಿದವು. ಸದ್ಯಕ್ಕೆ ನಮ್ಮ ಮಿಕ್ಸರ್ ಅವರ ಮನೆಯಲ್ಲಿದೆ. ನಾನು ಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದೇನೆ. ರುಚಿ ಬಹಳ ಚೆನ್ನಾಗಿರುತ್ತದೆಂದು ಎಲ್ಲರಿಗೂ ಹೇಳುತ್ತಿದ್ದೇನೆ.