ಯಾರನ್ನೂ ನಂಬದ ನಮ್ಮತ್ತೆ

ನಮ್ಮ ಸೋದರತ್ತೆ ದೇವರನ್ನು ಪೂರ್ತಿ ನಂಬಿದವಳು. ಆದರೆ ಪೂಜಾರಿಯ ಕೈಗೆ ತೆಂಗಿನಕಾಯಿ ಕೊಟ್ಟ ಮೇಲೆ ಅದರ ಹೋಳು ತನ್ನ ಕೈಗೆ ವಾಪಸು ಬರುವವರೆಗೆ ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ! ದೇವರ ಸನ್ನಿಧಿಯಲ್ಲೇ ಹೀಗಾದರೆ ಮಿಕ್ಕವರ ಪಾಡೇನು? ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದೂ, ನಗದಿದ್ದರೆ ಹೆಚ್ಚೇ ಬಿದ್ದಿದೆ ಎಂದೂ ಅವಳ ತೀರ್ಮಾನ. ನೆರೆಮನೆಯ ರೇಡಿಯೋದಲ್ಲಿ ವಾರ್ತೆ ಓದುವವನನ್ನೂ ಅವಳು ಬಿಟ್ಟಿರಲಿಲ್ಲ. "ಎಷ್ಟು ಗಡಿಬಿಡಿ ಮಾಡ್ತಾನ ನೋಡು, ಏನೋ ಮುಚ್ಚಿಡಾಕತ್ತಾನ" ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ಮಾತು. ಇಂಗಳೇಶ್ವರದಲ್ಲಿ ಏಳನೆಯ ತರಗತಿ ಮುಗಿಸಿದ ನನ್ನನ್ನು ಅಪ್ಪ ಹೈಸ್ಕೂಲಿಗೆಂದು ಬಸವನ ಬಾಗೇವಾಡಿಗೆ ತಂದು ಈ ಅತ್ತೆಯ ಮನೆಯಲ್ಲಿ ಬಿಟ್ಟ. ಬಂದ ದಿನವೇ ಅವಳು ನನ್ನ ಟ್ರಂಕನ್ನು ಬುಡಮೇಲು ಮಾಡಿದಳು.

"ಅತ್ತಿ, ಏನ್ ಹುಡಕಾಕತ್ತಿ?"

"ಸಿಕ್ಕ ಮ್ಯಾಲ ಹೇಳ್ತೇನಿ."

ಶ್ರಾವಣ ಕಳೆಯುವಷ್ಟರಲ್ಲಿ ನಾನು ಸೊರಗತೊಡಗಿದೆ. ದಿನವೂ ಜೋಳದ ರೊಟ್ಟಿ, ಪಲ್ಯದ ಬುತ್ತಿ ಕಟ್ಟಿಕೊಟ್ಟರೂ ಸಂಜೆ ಮನೆಗೆ ಬಂದವನೇ ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಿದ್ದೆ. ಅತ್ತೆಗೆ ಅಷ್ಟೇ ಸಾಕಾಯಿತು.

"ರೊಟ್ಟಿ ಮಾರಿ ಹೋಟೆಲ್‌ನ್ಯಾಗ ಭಜಿ ತಿನ್ನಾಕತ್ತೀಯೇನು?"

"ಇಲ್ಲತ್ತಿ."

"ಹಂಗಾದ್ರ ಬೀಡಿ."

ರೊಟ್ಟಿ ತೆಗೆದುಕೊಂಡು ಬೀಡಿ ಕೊಡುವ ಅಂಗಡಿ ಎಲ್ಲಾದರೂ ಇದ್ದೀತೇ? ಆದರೂ ಅವಳು ಬೀಡಿ ಅಂಗಡಿಗಳಿಗೆಲ್ಲ ಹೋಗಿ ವಿಚಾರಿಸಿಕೊಂಡೇ ಬಂದಳು.

ನಿಜ ಸಂಗತಿ ನಾನು ಹೇಳುವಂತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹತ್ತನೆಯ ತರಗತಿಯ ಮೂವರು ದಾಂಡಿಗರು ನನ್ನನ್ನು ಬೇವಿನ ಮರದ ಹಿಂದೆ ಕರೆದೊಯ್ದು, ಕಿವಿ ಹಿಡಿದುಕೊಂಡು ನಿಲ್ಲುವಂತೆ ಮಾಡಿ, ನನ್ನ ಬುತ್ತಿ ಬಿಚ್ಚಿ ತಿನ್ನುತ್ತಿದ್ದರು. ತಿಂದಾದ ಮೇಲೆ "ರೊಟ್ಟಿ ದಪ್ಪ ಆಗ್ಯಾವು, ತೆಳ್ಳಗ ಬಡೀಲಿ ನಿಮ್ಮತ್ತಿ" ಎಂದು ತಲೆಗೆ ಮೊಟಕಿ ಕಳಿಸುತ್ತಿದ್ದರು. ಯಾರಿಗಾದರೂ ಹೇಳಿದರೆ ಹಾಳುಬಾವಿಗೆ ಎಸೆಯುತ್ತೇವೆ ಎಂದಿದ್ದರು. ನಾನು ನಂಬಿದ್ದೆ. ನಾನೇನು ಅತ್ತೆಯೇ?

ಒಂದು ದಿನ ಅವಳು ಬುತ್ತಿಗೆ ರಂಜಕ ಹಾಕಿದಳು. ಕೆಂಪು ಮೆಣಸಿನಕಾಯಿ ಅರೆದ ಆ ಚಟ್ನಿ ನಮಗೆ ಹೊಸದಲ್ಲ, ಆದರೆ ಅಂದಿನದಕ್ಕೆ ಬೆಲ್ಲವೂ ಇಲ್ಲ, ಎಣ್ಣೆಯೂ ಇಲ್ಲ. ಬಲೆ ಹೆಣೆದದ್ದು ನನಗೇ. ತಿಂದಿದ್ದರೆ ನಾಲಿಗೆ ಹೇಳುತ್ತದೆ. ಮಾರಿದ್ದರೆ ಹೋಟೆಲಿನವನು ಜಗಳಕ್ಕೆ ಬರುತ್ತಾನೆ. ಆ ಮಧ್ಯಾಹ್ನ ದಾಂಡಿಗರು ಮೂವರೂ ನಳಕ್ಕೆ ಬಾಯಿಟ್ಟವರು ಗಂಟೆ ಬಾರಿಸಿದರೂ ಏಳಲಿಲ್ಲ. ಅವರ ಕಣ್ಣೀರು ಕಂಡ ಗಣಿತದ ಮಾಸ್ತರರು ಯಾರ ಮನೆಯಲ್ಲಿ ಸಾವಾಗಿದೆ ಎಂದು ವಿಚಾರಿಸಿದರಂತೆ! ಸಾಲೆ ಬಿಟ್ಟ ಮೇಲೆ ನನಗೆ ಸರಿಯಾಗಿ ಏಟು ಬಿದ್ದವು.

"ನಾಲಿಗಿ ಚಾಚು" ಎಂದಳು ಅತ್ತೆ, ಸಂಜೆ. ಚಾಚಿದೆ. ನಾಲಿಗೆ ನೋಡಿದಳು, ಊದಿದ ಕೆನ್ನೆ ನೋಡಿದಳು. "ಖಾರ ತಿಂದವರು ಯಾರು?"

ನಾನು ಅಳುತ್ತ ಎಲ್ಲವನ್ನೂ ಹೇಳಿದೆ. "ನನಗ ಸಾಲಿ ಬ್ಯಾಡತ್ತಿ. ಊರಿಗೆ ಹೋಗಿ ದನಾ ಕಾಯ್ತೇನಿ." ಬರೀ ಬಾಯಿಮಾತಲ್ಲ, ಟ್ರಂಕಿಗೆ ಅಂಗಿ ತುಂಬಿಟ್ಟೂ ಆಗಿತ್ತು.

ಮರುದಿನ ಅವಳು ನನ್ನನ್ನು ಎಳೆದುಕೊಂಡು ಹೆಡ್‌ಮಾಸ್ತರರ ಮುಂದೆ ನಿಂತಳು.

"ಹುಡುಗಾಟ ಬಿಡ್ರಿ ಬಾಯಾರ" ಎಂದರು ಅವರು. "ಗಂಡುಹುಡುಗ್ರಂದ ಮ್ಯಾಲ ಇವೆಲ್ಲಾ ಇದ್ದದ್ದ."

"ಹುಡುಗಾಟಂದ್ರ ಎಲ್ಲಾರೂ ನಗಬೇಕಲ್ರಿ ಸರ. ಈ ಹುಡುಗ ನಕ್ಕಿದ್ದು ನೀವು ನೋಡೀರೇನು?"

ಅವರು ತಾವು ನೋಡಿಕೊಳ್ಳುವುದಾಗಿ ಹೇಳಿದರು. ಅತ್ತೆ ಅದನ್ನು ನಂಬುವುದುಂಟೇ? ಅಂದಿನಿಂದಲೇ ಬಿಡುವಿನ ಹೊತ್ತಿಗೆ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಬಂದು ಬೇವಿನ ಮರದ ಬುಡದಲ್ಲಿ ಕಲ್ಲು ಆರಿಸುತ್ತ ಕೂತಳು. ಕಿರಾಣಿ ಅಂಗಡಿಯವನ ಮೇಲಿನ ಸಂಶಯ, ಸಾಲೆಯ ಮೇಲಿನ ಸಂಶಯ ಎರಡನ್ನೂ ಒಂದೇ ಕಡೆ ಕೂತು ತೀರಿಸಿಕೊಳ್ಳುವ ಅನುಕೂಲ!

ನಾನು ಅವಳ ಪಕ್ಕದಲ್ಲಿ ಬುತ್ತಿ ಬಿಚ್ಚಿದೆ. ಎರಡು ದಿನ ಕಳೆಯುವಷ್ಟರಲ್ಲಿ ಮತ್ತಷ್ಟು ಪುಕ್ಕಲರು ತಮ್ಮ ಬುತ್ತಿ ಹಿಡಿದು ಬಂದು ಸುತ್ತ ಕೂತರು. ಹೀಗೆ ರೊಟ್ಟಿ ಕಳೆದುಕೊಳ್ಳುತ್ತಿದ್ದವನು ನಾನೊಬ್ಬನೇ ಅಲ್ಲವೆಂದು ಆಗಲೇ ತಿಳಿದದ್ದು. ದಾಂಡಿಗರು ಹತ್ತಿರ ಸುಳಿದರೆ "ಬರ್ರೆಪಾ, ಕೂಡ್ರಿ. ನಿಮ್ಮ ಬುತ್ತಿ ಬಿಚ್ಚರಿ, ನೋಡೂನು" ಎನ್ನುತ್ತಿದ್ದಳು. ಕೊನೆಗೆ ಹೆಡ್‌ಮಾಸ್ತರರೇ ನಾಚಿ, ಆ ಮೂವರ ತಂದೆಯರನ್ನು ಕರೆಸಿ ಮಾತಾಡಿದರು. ಬಿಡುವಿನಲ್ಲಿ ಒಬ್ಬ ಮಾಸ್ತರರು ಮರದ ಹತ್ತಿರ ಇರಬೇಕೆಂದು ಕಟ್ಟು ಮಾಡಿದರು. ಆ ಮಾಸ್ತರರ ಮೇಲೆ ಕಣ್ಣಿಡಲು ಅತ್ತೆ ವರ್ಷವಿಡೀ ಬಂದಳು.

ಪರೀಕ್ಷೆ ಹತ್ತಿರವಾದಾಗ, ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದವಳನ್ನು ಕೇಳಿದೆ. "ಮಾಸ್ತರ್ರು ಇರ್ತಾರಲ್ಲತ್ತಿ, ನೀ ಯಾಕ ಬಿಸಲಾಗ ಬರ್ತಿ?"

ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿದಳು. "ನಾನೂ ಮೂರನೇತ್ತೆ ತನಕ ಸಾಲಿಗೆ ಹೋಗಿದ್ನೆಪಾ. ದೊಡ್ಡ ಹುಡುಗ್ಯಾರು ದಿನಾ ಜಡಿ ಎಳದು ಪಾಟಿ ಒಡೀತಿದ್ರು. ಮನ್ಯಾಗ ಹೇಳಾಕ ಅಂಜಿಕಿ. ಓದು ತಲಿಗೆ ಹತ್ತೂದಿಲ್ಲ, ಸಾಲಿ ಬ್ಯಾಡ ಅಂದೆ."

ನನಗೆ ಒಲೆಯ ಮುಂದೆ ಕೂತಿದ್ದ ಆ ಹೆಂಗಸಿನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

"ಆಮ್ಯಾಲ?"

"ಆಮ್ಯಾಲೇನು" ಎಂದಳು ಅತ್ತೆ. "ಎಲ್ಲಾರೂ ನಂಬಿದ್ರು."