ನಾನು ತೋಟಾ ಕಾಯಿಸಿ ಸತ್ತ ಪ್ರಸಂಗ

ತನ್ನ ಮನೆಯ ಅಡುಗೆಮನೆಯಲ್ಲಿ ನಾಲ್ಕು ಖಾಲಿ ಬಂದೂಕಿನ ತೋಟಾ ಕಾಯಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲದ ಗಂಡಸು ಇದ್ದರೂ ಒಂದೇ, ಸತ್ತರೂ ಒಂದೇ. ಅನುಭವದ ಮಾತು ಹೇಳುತ್ತಿದ್ದೇನೆ. ನಾನು ಎರಡೂ ಆಗಿ ನೋಡಿದವನು.

ನಮ್ಮ ಸೌತ್‌ಲ್ಯಾಂಡ್ ಸೀಮೆಯಲ್ಲಿ ಏಪ್ರಿಲ್ ಬಂತೆಂದರೆ ಗಂಡುಜಿಂಕೆಗಳು ಮದವೇರಿ ಗುಟುರು ಹಾಕುತ್ತವೆ, ಗಂಡಸರು ಮನೆಯಲ್ಲಿ ನಿಲ್ಲುವುದಿಲ್ಲ. ಗೆಳೆಯ ಡೆಸ್ಮಂಡ್ ಬೆಟ್ಟದ ಬೇಟೆಗುಡಿಸಲಿನಲ್ಲಿ ನನಗೊಂದು ಮಂಚ ಹಿಡಿದಿಟ್ಟಿದ್ದ. ಆದರೆ ನನ್ನ ಹೆಂಡತಿ ಗ್ಲೆನಿಸ್‌ಳ ಷರತ್ತೊಂದಿತ್ತು.

"ನೋಡು ಟ್ರೆವರ್, ಇನ್ನೊಂದ್ ಸಲ ನನ್ ಅಡುಗೆಮನೇಲಿ ಆ ಗ್ಯಾಸ್ ಟಾರ್ಚ್ ಹಚ್ಚಿದ್ಯೋ, ಬೇಟೆ ಕನಸಲ್ಲೇ ಆಡ್ಕೋ."

ಕಾಯಿಸದೆ ಹೇಗೆ? ಹಾರಿಸಿದ ತೋಟಾದ ಹಿತ್ತಾಳೆ ಕೋಶವನ್ನು ಬಿಸಾಡದೆ ಮತ್ತೆ ಮದ್ದು ತುಂಬುವ ಮಿತವ್ಯಯಿ ನಾನು. ತುಂಬಿ ತುಂಬಿ ಅದರ ಕತ್ತು ಗಡಸಾಗಿ ಬಿರುಕು ಬಿಡುತ್ತದೆ. (ಹೆಂಡತಿಯ ಮಾತು ಗಡಸಾಗುತ್ತದೆ, ಬಿರುಕು ಬಿಡುವುದಿಲ್ಲ.) ಬುಡವನ್ನು ನೀರಿನಲ್ಲಿಟ್ಟು ಕತ್ತನ್ನು ಮಾತ್ರ ಮಂದ ಕೆಂಪಾಗುವ ತನಕ ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಆ ಕೆಂಪು ಕಾಣಲು ಕತ್ತಲೆ ಬೇಕು. ನಮ್ಮ ಶೆಡ್ಡಿನ ಕಿಟಕಿಗಳಿಗೆ ಪರದೆಯೇ ಇಲ್ಲ.

ಗುರುವಾರ ಗ್ಲೆನಿಸ್ ಅಕ್ಕನ ಮನೆಗೆಂದು ಗೋರ್ ಪಟ್ಟಣಕ್ಕೆ ಹೊರಟಿದ್ದೇ ತಡ, ಮನೆಯ ಪರದೆಗಳನ್ನೆಲ್ಲ ಎಳೆದೆ. ಅವಳು ಭಾನುವಾರ ಕುರಿಮಾಂಸ ಬೇಯಿಸುವ ಅಗಲ ತಟ್ಟೆಗೆ ನೀರು ಹಾಕಿ, ತೋಟಾಗಳನ್ನು ಸಾಲಾಗಿ ನಿಲ್ಲಿಸಿ ಟಾರ್ಚಿನ ಜ್ವಾಲೆ ಹಚ್ಚಿದೆ. ಕತ್ತು ಕೆಂಪೇರಿದ್ದೇ ನೀರಿಗೆ ಉರುಳಿಸುವುದು, ಚುಂಯ್! ಅಬ್ಬಾ, ಆ ಬ್ರಹ್ಮಾನಂದ!

ಅಷ್ಟರಲ್ಲಿ ಹಿಂಬಾಗಿಲು ಕಿರುಗುಟ್ಟಿತು. ಟಾರ್ಚ್ ಆರಿಸಿ ತಟ್ಟೆಸಮೇತ ಉಗ್ರಾಣ ಸೇರಿದೆ. ಬಂದವರು ಎದುರುಮನೆಯ ನೋರೀನ್ ಮತ್ತು ಡೆಸ್ಮಂಡ್.

"ಹಾಡಹಗಲಲ್ಲಿ ಎಲ್ಲಾ ಪರದೆ ಎಳೆದಿದಾರೆ ಅಂದ್ರೆ ಇನ್ನೇನು?" ನೋರೀನ್ ಮೂಗೊರೆಸಿಕೊಂಡಳು. "ಟ್ರೆವರ್ ಹೋಗ್ಬಿಟ್ಟ. ಹೆಣಾನ ಆಗ್ಲೇ ಒಯ್ದಿರ್ಬೇಕು. ಗ್ಯಾಸ್ ವಾಸ್ನೆ ಬೇರೆ!"

ನಮ್ಮ ರಸ್ತೆಯಲ್ಲಿ ಹಗಲು ಪರದೆ ಎಳೆಯುವುದು ಸಾವಾದ ಮನೆಯಲ್ಲಿ ಮಾತ್ರ. ಹುಟ್ಟಿದಂದಿನಿಂದ ಗೊತ್ತಿದ್ದ ಈ ಸಂಗತಿ ಬೇಕಾದ ಹೊತ್ತಿಗೆ ನನಗೆ ಹೊಳೆಯಲಿಲ್ಲ.

"ಪಾಪ, ಒಳ್ಳೆಯವ್ನು," ಅಂದ ಡೆಸ್ಮಂಡ್.

"ಒಳ್ಳೆಯವ್ನೇ. ಬಾಯಿ ಸ್ವಲ್ಪ ಜಾಸ್ತಿ."

"ಗುರೀನೂ ಅಷ್ಟಕ್ಕಷ್ಟೇ ಬಿಡು."

ಹೊರಗೆ ಬಂದರೆ ಗ್ಲೆನಿಸ್‌ಗೆ ಸುದ್ದಿ ಮುಟ್ಟುತ್ತದೆ, ಬೇಟೆ ಕೈತಪ್ಪುತ್ತದೆ. ಹಲ್ಲುಕಚ್ಚಿಕೊಂಡು ಸತ್ತೇ ಇದ್ದೆ. ನೆರೆಹೊರೆಯವರು ಸಾವಿನ ಮನೆಗೆಂದು ತಿಂಡಿ ಹಿಡಿದು ಒಬ್ಬೊಬ್ಬರಾಗಿ ಬಂದರು. ಮೊಟ್ಟೆ-ಬೇಕನ್ ಪೈ, ಸ್ಕೋನ್, ಕೇಕ್ ಅಂತ ಮೇಜು ತುಂಬಿತು. ಬದುಕಿದ್ದಾಗ ಯಾರೂ ಒಂದು ಬಿಸ್ಕತ್ತು ಕೊಟ್ಟವರಲ್ಲ.

ಡೆಸ್ಮಂಡ್ ಗಂಟಲು ಸರಿಮಾಡಿಕೊಂಡ. "ಗುಡಿಸ್ಲಲ್ಲಿ ಇವನ ಮಂಚ ಖಾಲಿ ಆಯ್ತಲ್ಲ ನೋರೀನ್, ನಿನ್ನ ಅಳಿಯ ಬರ್ತಾನಾ?"

"ಬರ್ತಾನೆ. ಆಗ್ಲೇ ಫೋನ್ ಮಾಡ್ದೆ."

"ಲೋ ಪಾಪಿ, ಅದು ನನ್ ಮಂಚ ಕಣೋ!" ಎಂದು ತಟ್ಟೆ ಹಿಡಿದೇ ಉಗ್ರಾಣದಿಂದ ಹಾರಿದೆ. ನೋರೀನ್ ಚಿಟ್ಟನೆ ಚೀರಿದಳು. ಕಾಡುಹಂದಿಗೂ ಹೆದರದ ಡೆಸ್ಮಂಡ್ ಮೇಜಿನಡಿ ನುಗ್ಗಿದ.

ಅದೇ ಹೊತ್ತಿಗೆ ಗ್ಲೆನಿಸ್ ಓಡಿ ಬಂದಳು. ಗೋರ್‌ಗೂ ಸಂತಾಪದ ಫೋನ್ ಹೋಗಿತ್ತು. ನನ್ನನ್ನು ತಬ್ಬಿಕೊಂಡು ಗೊಳೋ ಎಂದಳು. ಇಷ್ಟು ಪ್ರೀತಿ ಇದೆಯೆಂದು ಗೊತ್ತಿದ್ದರೆ ಮೊದಲೇ ಸಾಯುತ್ತಿದ್ದೆ. ಆಮೇಲೆ ಅವಳ ಕಣ್ಣು ತಟ್ಟೆಯ ಮೇಲೆ ಬಿತ್ತು.

"ಗ್ಲೆನಿಸ್... ಬೇಟೆ?" ಅಂದೆ ಮೆಲ್ಲಗೆ.

"ಸತ್ತೋರು ಬೇಟೆಗೆ ಹೋಗಲ್ಲ."

ಶನಿವಾರ ನೋರೀನಳ ಅಳಿಯ ನನ್ನ ಮಂಚದಲ್ಲಿ ಕಾಲು ಚಾಚಿ ಜಿಂಕೆಯ ಗುಟುರು ಕೇಳುತ್ತಿದ್ದ. ನಾನು ತೊಳೆದ ಪೈ ತಟ್ಟೆಗಳನ್ನು ಹೊತ್ತು ಮನೆಮನೆಗೂ ಹೋಗಿ, ಬದುಕಿರುವುದಕ್ಕೆ ಕ್ಷಮೆ ಕೇಳುತ್ತಿದ್ದೆ.